ಟ್ರೋಪೊನಿನ್ ನುಡಿಯುವುದೂ ನುಡಿಯದಿರುವುದೂ

ಎದೆನೋವಿನಿಂದ ತುರ್ತುಚಿಕಿತ್ಸಾ ವಿಭಾಗವನ್ನು ಸೇರಿದ ತಮ್ಮ ಬಂಧುವಿನ ರಕ್ತದಲ್ಲಿ ಟ್ರೋಪೊನಿನ್ ಏರಿದ್ದರೂ ವೈದ್ಯರು ಅದನ್ನು ಹೃದಯಾಘಾತವಲ್ಲವೆಂದದ್ದು ಹೇಗೆಂದು ಓದುಗರೊಬ್ಬರು ಕೇಳಿದ್ದಾರೆ. ಪ್ರಶ್ನೆ ಯುಕ್ತವಾದುದೇ.

1954ರಲ್ಲಿ ನ್ಯೂಯಾರ್ಕಿನ ವೈದ್ಯರು ಹೃದಯಾಘಾತವಾದವರ ರಕ್ತದಲ್ಲಿ ಟ್ರಾನ್ಸಮಿನೇಸ್ ಎಂಬ ಕಿಣ್ವ ಹೆಚ್ಚುವುದನ್ನು ತೋರಿಸಿಕೊಟ್ಟರಾದರೂ, ಯಕೃತ್ತು ಕೆಟ್ಟಾಗಲೂ ಅದು ಹೆಚ್ಚುತ್ತಿದ್ದುದರಿಂದ ನಿದಾನಕ್ಕೆ ನಿಶ್ಚಯತೆಯಿರಲಿಲ್ಲ. ಸ್ನಾಯುವಿನ ಸಂಕೋಚನದಲ್ಲಿ ಕ್ಯಾಲ್ಸಿಯಮ್ಮಿನ ಪಾತ್ರವೇನೆಂಬ ಶುದ್ಧ ಜಿಜ್ಞಾಸೆಯಿಂದಲೇ ದುಡಿಯುತ್ತಿದ್ದ ಜಪಾನಿನ ಸೆತ್ಸುರೊ ಎಬಾಶಿಯವರು ಅರವತ್ತರ ದಶಕದಲ್ಲಿ ಕಂಡುಕೊಂಡ ಟ್ರೋಪೊನಿನ್ ಎಂಬ ಪ್ರೋಟೀನನ್ನು, ಮುಂದೆ ಜರ್ಮನಿಯ ಹ್ಯೂಗೊ ಕಾಟುಸ್ ಮೊದಲಾದವರು ಹೃದಯದ ಗಾಯವನ್ನು ಅಳೆಯುವ ಸಾಧನವನ್ನಾಗಿ ಮಾಡಿದರು.

ಇಂದಿನ ಅತಿಸೂಕ್ಷ್ಮ ಪರೀಕ್ಷೆ ಅಕ್ಕಸಾಲಿಗನ ತಕ್ಕಡಿಯಂತಹುದು: ಗುಲಗಂಜಿಯ ತೂಕಕ್ಕೂ ಮುಳ್ಳು ವಾಲುತ್ತದೆ, ಆದರೆ ತಟ್ಟೆಯಲ್ಲಿರುವುದು ಚಿನ್ನವೋ ಹಿತ್ತಾಳೆಯೋ ಎಂಬುದನ್ನು ತಕ್ಕಡಿ ಹೇಳಲಾರದು. ರಕ್ತನಾಳ ಮುಚ್ಚಿದರೂ ಟ್ರೋಪೊನಿನ್ ಏರುತ್ತದೆ. ಮೂತ್ರಪಿಂಡ ಸೋತರೂ, ರಕ್ತ ನಂಜಾದರೂ, ಶ್ವಾಸಕೋಶದ ಧಮನಿಯಲ್ಲಿ ಹೆಪ್ಪು ಸಿಲುಕಿದರೂ ಏರಬಲ್ಲುದು. ಸ್ಕಾಟ್ಲೆಂಡಿನ ಹತ್ತು ಆಸ್ಪತ್ರೆಗಳಲ್ಲಿ 48,282 ಮಂದಿಯನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿತಿಮೀರಿದ ಟ್ರೋಪೊನಿನ್ ಕಂಡುಬಂದ 10,360 ಮಂದಿಯ ಪೈಕಿ 1,771 ಮಂದಿ ಹಳೆಯ ಪರೀಕ್ಷೆಯ ಕಣ್ಣಿಗೆ ಬಿದ್ದಿರದವರು. ಆದರೆ ಹೀಗೆ ಹೊಸದಾಗಿ ಪತ್ತೆಯಾದವರಲ್ಲಿ ರಕ್ತನಾಳದ ಹೆಪ್ಪಿನಿಂದಾದ ಹೃದಯಾಘಾತವಿದ್ದುದು ಮೂರರಲ್ಲೊಂದು ಪಾಲಿಗೆ ಮಾತ್ರ, ಮತ್ತು ವರ್ಷದೊಳಗೆ ಮರಳಿ ಆಘಾತವಾಗುವುದಾಗಲಿ ಹೃದ್ರೋಗದಿಂದ ಮರಣ ಸಂಭವಿಸುವುದಾಗಲಿ ಹೊಸ ಪರೀಕ್ಷೆಯಿಂದ ಕಡಿಮೆಯಾಗಲಿಲ್ಲ. ಯಂತ್ರ ಸೂಕ್ಷ್ಮವಾದಷ್ಟೂ ರೋಗಿಗೆ ಲಾಭವೆಂದು ಸಾರುವ ಜಾಹೀರಾತುಗಳನ್ನು ಓದುವಾಗ ಈ ಅಂಶ ನೆನಪಿರತಕ್ಕದ್ದು.

ಹಾಗೆಂದು ಪರೀಕ್ಷೆ ನಿರರ್ಥಕವಲ್ಲ. ಅದರ ನಿಜವಾದ ಬಲವಿರುವುದು ‘ಇದೆ’ ಎನ್ನುವುದರಲ್ಲಿ ಅಲ್ಲ, ‘ಇಲ್ಲ’ ಎನ್ನುವುದರಲ್ಲಿ. ಒಂದರಿಂದ ಮೂರು ಗಂಟೆಗಳ ಅಂತರದಲ್ಲಿ ಎರಡು ಬಾರಿ ರಕ್ತ ತೆಗೆದು, ಎರಡೂ ಅಂಕಿಗಳು ತೀರ ಕೆಳಗಿದ್ದು, ಇಸಿಜಿಯೂ ನಿರ್ದೋಷವಾಗಿದ್ದರೆ, ಬಹುಮಂದಿಯನ್ನು ಧೈರ್ಯವಾಗಿ ಮನೆಗೆ ಕಳುಹಿಸಬಹುದು. ಅಂಕಿ ಹೆಚ್ಚಿದ್ದೂ ಗಂಟೆಗಳು ಕಳೆದರೂ ಅಲ್ಲಿಯೇ ನಿಂತಿದ್ದರೆ ಅದು ಮೂತ್ರಪಿಂಡದ ರೋಗದಂತಹ ಹಳೆಯ ಕಾರಣದ ಸೂಚನೆಯಾಗಿರಬಹುದು. ಏರುತ್ತಲೋ ಇಳಿಯುತ್ತಲೋ ಇದ್ದರೆ ಗಾಯ ಹೊಸದು. ಆ ಗಾಯದ ಮೂಲವನ್ನಾದರೋ ರೋಗಿಯ ಮಾತಿನಿಂದಲೂ ಇಸಿಜಿಯ ರೇಖೆಗಳಿಂದಲೂ ವೈದ್ಯರೇ ಅರಸಬೇಕು. ಓದುಗರ ಬಂಧುವಿನ ವಿಷಯದಲ್ಲಿ ವೈದ್ಯರು ಮಾಡಿದ್ದೂ ಪ್ರಾಯಶಃ ಇದನ್ನೇ.

ನೋವು ಹತ್ತಿದ ಮೊದಲ ಗಂಟೆಗಳಲ್ಲಿ, ಹೃದಯಾಘಾತವಾಗುತ್ತಿದ್ದರೂ, ಟ್ರೋಪೊನಿನ್ ಏರದೆ ಇರಬಹುದು. ಆದುದರಿಂದ ಎದೆ ನೋಯುತ್ತಿರುವಾಗ ಪ್ರಯೋಗಾಲಯದಲ್ಲಿ ಒಮ್ಮೆ ರಕ್ತ ಕೊಟ್ಟು, ವರದಿ ಚೆನ್ನಾಗಿದೆಯೆಂದು ಮನೆಯಲ್ಲಿ ಮಲಗದೆ, ದಯಮಾಡಿ ನೇರವಾಗಿ ಆಸ್ಪತ್ರೆಗೆ ಹೋಗಿರಿ.