ಅನುಮೋದನೆಯೂ ಕರ್ಮವೇ

2024ರ ಜೂನ್ ತಿಂಗಳ ಒಂದು ಬೆಳಗ್ಗೆ ಕುರುಡುಮಲೆಯ ಗಣಪತಿ ಗುಡಿಯ ಸಮೀಪ ಚಹಾ ಅಂಗಡಿಯೊಂದರಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ಚಿತ್ರದುರ್ಗದ ರೇಣುಕಸ್ವಾಮಿ ಎಂಬ ಯುವಕನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಬಂಧಿತರಾದ ಸುದ್ದಿ ಅದರಲ್ಲಿತ್ತು. ದರ್ಶನ್ ಅವರ ಗೆಳತಿ ಪವಿತ್ರಾ ಗೌಡ ಅವರಿಗೆ ಈ ಯುವಕ ಅಶ್ಲೀಲ ಸಂದೇಶಗಳನ್ನು ಕಳುಹಿಸಿದ್ದೇ ಕೊಲೆಗೆ ಕಾರಣವೆಂದು ಪೊಲೀಸರು ಹೇಳಿದ್ದರು. ಆ ನಟನ ಅಭಿಮಾನಿಯಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ಏನಂತೀರಿ ಮೇಷ್ಟ್ರೇ?” ಎಂದ. “ಹೆಣ್ಣುಮಕ್ಕಳ ತಂಟೆಗೆ ಹೋದವನಿಗೆ ಇನ್ನೇನಾಗುತ್ತದಪ್ಪ!” ಎಂದುಬಿಟ್ಟೆ. ಹುಡುಗ ಹಿಗ್ಗಿದ. ‘ನಮ್ಮ ಮೇಷ್ಟ್ರೂ ಇದನ್ನೇ ಹೇಳಿದರು’ ಎಂದು ಆಗಲೇ ಮೊಬೈಲಿನಲ್ಲಿ ಬರೆದು ಹಾಕಿದ.

ಸತ್ತವನ ಹೆಂಡತಿ ಆಗ ಗರ್ಭಿಣಿ. ಅಕ್ಟೋಬರಿನಲ್ಲಿ ಆಕೆಗೆ ಗಂಡುಮಗು ಹುಟ್ಟಿತೆಂಬ ಸುದ್ದಿ ಓದಿದ ದಿನ ಸಂಜೆಯ ಸಾಮಾಯಿಕದಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. ನಾನು ಯಾರನ್ನೂ ಹೊಡೆದಿರಲಿಲ್ಲ, ಹೊಡೆಸಿರಲೂ ಇಲ್ಲ. ಆದರೆ ಒಂದು ಸಾವನ್ನು ಸರಿಯೆಂದಿದ್ದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪಾಪದ ಬಾಗಿಲುಗಳನ್ನು ಎಣಿಸಿಯೇ ತೋರಿಸಿದ್ದಾರೆ. ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳು. ಮನ, ವಚನ, ಕಾಯ ಎಂಬ ಮೂರು ಸಾಧನಗಳು. ತಾನೇ ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರು ಬಗೆಗಳು. ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108. ಜಪಮಾಲೆಯ 108 ಮಣಿಗಳು ಈ ಬಾಗಿಲುಗಳನ್ನೇ ನೆನಪಿಸುತ್ತವೆಂದು ಹಿರಿಯರು ಹೇಳುವುದುಂಟು. ಇವುಗಳಲ್ಲಿ ಮೂರನೆಯ ಒಂದು ಪಾಲು, ಎಂದರೆ 36 ಬಾಗಿಲುಗಳು, ಬರಿಯ ಅನುಮೋದನೆಯವು. ಬೆರಳ ತುದಿಯಿಂದ ಒತ್ತುವ ಒಂದು ‘ಲೈಕ್’ ಈ ಲೆಕ್ಕದಿಂದ ಹೊರಗಿರಲಾರದು.

ಸಂದೇಶದಿಂದ ಮೊದಲಾಯಿತೆನ್ನಲಾದ ಈ ಪ್ರಕರಣ ಸಾವಿನ ಬಳಿಕ ಮತ್ತೆ ಸಂದೇಶಗಳಿಗೇ ಮರಳಿತು. 2025ರ ಜುಲೈನಲ್ಲಿ, ರೇಣುಕಸ್ವಾಮಿ ಕುಟುಂಬಕ್ಕೆ ನ್ಯಾಯ ಸಿಗಲೆಂಬ ಆಶಯ ವ್ಯಕ್ತಪಡಿಸಿದ ನಟಿ ರಮ್ಯಾ ಅವರಿಗೆ ಅಶ್ಲೀಲ ನಿಂದನೆಗಳು ಬಂದವು. ಅವರು 43 ಖಾತೆಗಳ ವಿರುದ್ಧ ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ದರ್ಶನ್ ಅವರ ಜಾಮೀನನ್ನು ರದ್ದುಪಡಿಸಿತು. ಡಿಸೆಂಬರಿನಲ್ಲಿ ದರ್ಶನ್ ಅವರ ಪತ್ನಿ ವಿಜಯಲಕ್ಷ್ಮಿ ಅವರೇ ತಮ್ಮ ಮೇಲಿನ ಅಶ್ಲೀಲ ಬರಹಗಳ ಬಗ್ಗೆ ಪೊಲೀಸರ ಮೊರೆಹೋಗಬೇಕಾಯಿತು. ಒಂದು ಪಾಳೆಯದವರು ಇನ್ನೊಂದರ ಕಡೆ ಬೆರಳು ತೋರಿದರು. ಪಾಳೆಯ ಯಾವುದಾದರೇನು, ಬೈಗುಳಕ್ಕೆ ಗುರಿಯಾದವಳು ಹೆಣ್ಣೇ. ಅಪರಾಧ ಯಾರದೆಂಬುದನ್ನು ನಿರ್ಣಯಿಸಬೇಕಾದುದು ನ್ಯಾಯಾಲಯ. ನಮ್ಮ ನಾಲಗೆಯ ವಿಚಾರಣೆಯನ್ನಾದರೋ ನಾವೇ ನಡೆಸಬೇಕು.

ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳಿವೆ. ಪರರ ಗುಟ್ಟನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನ ಅವುಗಳಲ್ಲೊಂದು. ಇಲ್ಲದ್ದನ್ನು ಪರರ ಹೆಸರಿನಲ್ಲಿ ಬರೆಯುವ ಕೂಟಲೇಖಕ್ರಿಯೆ ಇನ್ನೊಂದು. ನಕಲಿ ಖಾತೆಗೆ ಇದಕ್ಕಿಂತ ಹಳೆಯ ಹೆಸರು ಬೇಕೆ? ಒಬ್ಬನ ಗೆಲುವನ್ನೂ ಮತ್ತೊಬ್ಬನ ಸೋಲು, ಸೆರೆ, ಸಾವುಗಳನ್ನೂ ಮನಸ್ಸಿನಲ್ಲೇ ಬಯಸುತ್ತ ಕೂರುವುದನ್ನು ಅಪಧ್ಯಾನವೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಅನರ್ಥದಂಡವೆಂದರೆ ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪ. ಅಭಿಮಾನಿಗೆ ಈ ಜಗಳದಿಂದ ದಕ್ಕುವುದಾದರೂ ಏನು? ನಟನಿಗೆ ಅವನ ಹೆಸರೂ ತಿಳಿದಿರುವುದಿಲ್ಲ. ಕರ್ಮ ಮಾತ್ರ ಅವನ ಹೆಸರಿಗೇ ಜಮೆಯಾಗುತ್ತದೆ.

ಹೆಣ್ಣಿಗೆ ಅಶ್ಲೀಲ ಸಂದೇಶ ಕಳುಹಿಸುವುದು ಪಾಪವೇ. ಅದಕ್ಕೆ ಕಾನೂನಿದೆ, ಠಾಣೆಯಿದೆ. ಆದರೆ ಒಂದು ಪಾಪವನ್ನು ಖಂಡಿಸುವ ನೆಪದಲ್ಲಿ ಅದಕ್ಕಿಂತ ಘೋರವಾದ ಹಿಂಸೆಗೆ ತಲೆಯಾಡಿಸುವುದು ಅಹಿಂಸಾವ್ರತಿಗೆ ಸಲ್ಲದು. ನಾನು ಎಡವಿದ್ದು ಅಲ್ಲಿಯೇ.

ಕಳೆದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಆ ಹುಡುಗನನ್ನು ಹುಡುಕಿಕೊಂಡು ಹೋದೆ. “ಅಂದು ನಾನು ಆಡಿದ ಮಾತು ತಪ್ಪು ಕಣಪ್ಪ. ಮೇಷ್ಟ್ರು ತಪ್ಪು ಹೇಳಿಕೊಟ್ಟರು ಅಂತ ತಿಳಿದುಕೋ” ಎಂದೆ. ಅವನು ಮಾತಾಡಲಿಲ್ಲ. ಚಹಾ ತರಿಸಿದ. ಅದನ್ನು ಕುಡಿದು ಮುಗಿಸುವವರೆಗೂ ಅವನ ಮೊಬೈಲು ಜೇಬಿನಲ್ಲೇ ಇತ್ತು.

ನನ್ನ ಮಾತನ್ನು ಅಂದು ಓದಿದವರು ಎಷ್ಟು ಮಂದಿಯೋ, ಅವರೆಲ್ಲರ ಬಳಿಗೆ ಹೋಗಲಾರೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇಂದಿನ ಪ್ರತಿಕ್ರಮಣದಲ್ಲಿ ಕೈ ಮಾಡಿದ ಪಾಪಗಳ ಜೊತೆಗೆ, ಬೆರಳು ಒಪ್ಪಿದ ಪಾಪಗಳನ್ನೂ ಒಮ್ಮೆ ಎಣಿಸಿ ನೋಡೋಣ.