ಲೂಯಿ ಕಾನ್ ವಿದ್ಯಾರ್ಥಿನಿಲಯ: ಉಳಿಸುವುದೋ, ಉರುಳಿಸುವುದೋ?

ಅಹಮದಾಬಾದ್: ಇಲ್ಲಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ (ಐಐಎಂ) ವಿದ್ಯಾರ್ಥಿನಿಲಯಗಳಿಗೆ ಮಳೆಯಷ್ಟೇ ಅಲ್ಲ, ಗೋಡೆಯೊಳಗಿನ ಕಬ್ಬಿಣವೂ ಕಂಟಕವಾಗಿದೆ. ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ 1960ರ ದಶಕದಲ್ಲಿ ರೂಪಿಸಿದ ಈ ಕಟ್ಟಡಗಳದ್ದು ಗಿಲಾವು ಕಾಣದ ಬರಿಯ ಇಟ್ಟಿಗೆಯ ಗೋಡೆ. ಅದರಲ್ಲಿ ಹುದುಗಿಸಿದ ಸರಳುಗಳಿಗೆ ನೀರು ತಗುಲಿ ತುಕ್ಕು ಹಿಡಿಯಿತು. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಇಟ್ಟಿಗೆ ಬಿರಿಯುತ್ತದೆ, ಬಿರುಕಿನಲ್ಲಿ ಮತ್ತಷ್ಟು ನೀರು ಇಳಿಯುತ್ತದೆ. 2001ರ ಭೂಕಂಪ ಹಾನಿಯನ್ನು ಹೆಚ್ಚಿಸಿತು.

ಗಿಲಾವು ಬಳಿದರೆ ಬಿರುಕು ಮುಚ್ಚೀತು, ಜೊತೆಗೆ ಕಾನ್ ಕೈಚಳಕವೂ ಮುಚ್ಚಿಹೋಗುತ್ತದೆ. ಹಾಗಾಗಿ ಕೆಟ್ಟ ಇಟ್ಟಿಗೆಯನ್ನು ಒಂದೊಂದಾಗಿ ಬಿಡಿಸಿ, ಅದೇ ಅಳತೆ, ಅದೇ ಬಣ್ಣದ್ದನ್ನು ಕೂರಿಸಬೇಕು. ನಿಧಾನದ ಕೆಲಸ, ಆದರೆ ಅಸಾಧ್ಯವಲ್ಲ: ಇದೇ ಆವರಣದ ವಿಕ್ರಂ ಸಾರಾಭಾಯಿ ಗ್ರಂಥಾಲಯದ ಜೀರ್ಣೋದ್ಧಾರಕ್ಕೆ 2019ರಲ್ಲಿ ಯುನೆಸ್ಕೊ ಪ್ರಶಸ್ತಿ ಸಂದಿದೆ.

ಆದರೂ 2020ರ ಡಿಸೆಂಬರ್‌ನಲ್ಲಿ 18 ನಿಲಯಗಳ ಪೈಕಿ 14ನ್ನು ಕೆಡವಲು ಸಂಸ್ಥೆ ಮುಂದಾಯಿತು. ದೇಶವಿದೇಶಗಳ ವಾಸ್ತುಶಿಲ್ಪಿಗಳು ವಿರೋಧಿಸಿದಾಗ 2021ರ ಜನವರಿಯಲ್ಲಿ ಹಿಂದೆ ಸರಿಯಿತು. ಮಲಗಿದವರ ಮೇಲೆ ಚಪ್ಪಡಿ ಕಳಚಿ ಬಿದ್ದೀತೆಂಬ ಭೀತಿಯನ್ನು ಪರಂಪರೆಯ ಹೆಸರಿನಲ್ಲಿ ತಳ್ಳಿಹಾಕುವಂತೆಯೂ ಇಲ್ಲ. 2022ರ ನವೆಂಬರ್‌ನಲ್ಲಿ ಸಂಸ್ಥೆ ಸುರಕ್ಷತೆಯ ಕಾರಣವನ್ನೇ ಮುಂದಿಟ್ಟು, ಅಂಚಿನ ನಿಲಯಗಳನ್ನು ಹೊಸದಾಗಿ ಕಟ್ಟುವುದಾಗಿ ಮತ್ತೆ ಪ್ರಕಟಿಸಿತು.