ಕಡಲಿಗೂ ವಾರದ ರಜೆ

ರಜೆಯೆಂಬುದು ಪಾಠಶಾಲೆಗಳಿಗೂ ಕಚೇರಿಗಳಿಗೂ ಮಾತ್ರ ಸಲ್ಲತಕ್ಕದ್ದೆಂದು ನಾವು ಭಾವಿಸಿರುತ್ತೇವೆ. ಆದರೆ ಹವಾಯಿಯ ಓಆಹು ದ್ವೀಪದಲ್ಲಿರುವ ಹನೌಮಾ ಕೊಲ್ಲಿಯಲ್ಲಿ ಕಡಲಿಗೂ ರಜೆಯುಂಟು.

ಪೂರ್ವದಲ್ಲಿ ಇದು ಜ್ವಾಲಾಮುಖಿಯ ಬಾಯಿ. ಅದರ ಒಂದು ಗೋಡೆ ಕುಸಿದು ಸಮುದ್ರವು ಒಳನುಗ್ಗಿದ್ದರಿಂದ ಬಾಗಿದ ಕೊಲ್ಲಿಯಾಯಿತು. ಪ್ರವಾಸಿಗಳು ಕಣ್ಣಿಗೆ ಗಾಜಿನ ಮುಖವಾಡವನ್ನೂ ಬಾಯಿಗೆ ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆಯನ್ನೂ ಧರಿಸಿ, ಬೋರಲಾಗಿ ತೇಲುತ್ತ, ಕೆಳಗಿನ ಹವಳದ ದಿಬ್ಬಗಳನ್ನು ನೋಡುತ್ತಾರೆ. ಗಿಳಿಯ ಕೊಕ್ಕಿನಂಥ ಬಾಯುಳ್ಳ ಮೀನುಗಳು ಪಾಚಿಯನ್ನು ಕೆರೆದು ತಿನ್ನುವಾಗ ನುಂಗಿದ ಹವಳದ ಸುಣ್ಣವು ಮರಳಾಗಿ ಹೊರಬೀಳುತ್ತದೆ.

ಹವಳವು ಕಲ್ಲಿನಂತೆ ಕಂಡರೂ ಸೂಕ್ಷ್ಮ ಪ್ರಾಣಿಗಳ ವಸತಿ. ಒಂದು ತುಳಿತಕ್ಕೆ ಹಲವು ವರ್ಷಗಳ ಬೆಳವಣಿಗೆ ಮುರಿದೀತು. 1967ರಲ್ಲಿ ಸರಕಾರವು ಈ ಕೊಲ್ಲಿಯನ್ನು ಸಂರಕ್ಷಿತ ಪ್ರದೇಶವೆಂದು ಸಾರಿ ಮೀನುಗಾರಿಕೆಯನ್ನು ನಿಷೇಧಿಸಿತು. ಆದರೇನು? ಹಿಡಿಯುವವರಿಂದ ಉಳಿದದ್ದು ನೋಡುವವರಿಂದ ಕೆಡತೊಡಗಿತು. 1980ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಜನರು ಬರುತ್ತಿದ್ದರು!

ಬಳಿಕ ಸಂದರ್ಶಕರ ಸಂಖ್ಯೆಗೆ ಮಿತಿ ಬಂದಿತು. 2002ರಲ್ಲಿ ಶಿಕ್ಷಣ ಕೇಂದ್ರವು ತೆರೆಯಿತು. ಹವಳವನ್ನು ತುಳಿಯಬಾರದು, ಮೀನಿಗೆ ತಿನಿಸು ಹಾಕಬಾರದು ಎಂದು ತಿಳಿಸುವ ಕಿರುಚಿತ್ರವನ್ನು ಹೊಸಬರು ಮೊದಲು ನೋಡತಕ್ಕದ್ದು. 2020ರಲ್ಲಿ ಕೋವಿಡ್ ನಿಮಿತ್ತ ತಿಂಗಳುಗಟ್ಟಲೆ ಮುಚ್ಚಿದಾಗ ನೀರು ಮೊದಲಿಗಿಂತ ತಿಳಿಯಾದುದನ್ನು ವಿಜ್ಞಾನಿಗಳು ಕಂಡರು. ಈಗ ಸೋಮವಾರ, ಮಂಗಳವಾರಗಳಂದು ಅಲ್ಲಿ ಪ್ರವೇಶವಿಲ್ಲ.

ನಮ್ಮ ಪಡುಗಡಲಿನ ಲಕ್ಷದ್ವೀಪಗಳೂ ಹವಳದಿಂದಲೇ ಆದವು. ವಿದ್ಯಾರ್ಥಿಗಳು ಮುಂದೆ ಅಲ್ಲಿಗೆ ಹೋದಾರು. ನೋಡುವ ಸಂತೋಷಕ್ಕೂ ಒಂದು ಶಿಸ್ತು ಬೇಕೆಂಬುದನ್ನು ನಾವು ಅವರಿಗೆ ಇಂದೇ ಕಲಿಸಿಕೊಡಬೇಕು.